ನಡೆಯುವವನನ್ನು ನಡೆಯಲು ಬಿಡಿ

ನಮ್ಮ ಕಡೆ ಕಾಯಿಲೆಯನ್ನು ಬೇಕಾದರೆ ಗುಟ್ಟಾಗಿ ಇಡಬಹುದು, ಅದರ ಚಿಕಿತ್ಸೆಯನ್ನು ಇಡಲು ಸಾಧ್ಯವೇ ಇಲ್ಲ. ನನಗೆ ಶುಗರ್ ಬಂದದ್ದು ಐವತ್ತು ದಾಟಿದ ಮೇಲೆ. ಆಗ ನಾನಿನ್ನೂ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರು. ದಿನವಿಡೀ ಮೈದಾನದಲ್ಲಿ ಇರುವವನಿಗೆ ಶುಗರ್ ಹೇಗೆ ಬಂತು ಎಂದು ಡಾಕ್ಟರರ ಹತ್ತಿರ ವಾದ ಮಾಡಿದೆ. "ಓಡಿದ್ದು ಮಕ್ಕಳು ಅಲ್ವಾ ಮಾಸ್ಟ್ರೇ? ನೀವು ಒಂದೇ ಕಡೆ ನಿಂತು ಸೀಟಿ ಊದಿದ್ದು" ಎಂದರು. ಕೆಲವು ವರ್ಷ ಮಾತ್ರೆಯಲ್ಲೇ ದಿನ ಹೋಯಿತು. ನಿವೃತ್ತನಾದ ಮೇಲೆ ಮಾತ್ರ ಅವರು ರಕ್ತಪರೀಕ್ಷೆಯ ವರದಿ ಹಿಡಿದು ಕನ್ನಡಕದ ಮೇಲಿನಿಂದ ನೋಡಿದರು. "ಮೂರು ತಿಂಗಳ ಸರಾಸರಿ ಮೇಲೆ ಹೋಗಿದೆ. ಊಟ ಹಿಡಿತದಲ್ಲಿರಲಿ, ದಿನಾ ನಡೆಯಿರಿ. ಮುಂದಿನ ಸಲವೂ ಹೀಗೇ ಇದ್ದರೆ ಇನ್ಸುಲಿನ್ ಶುರು ಮಾಡುವುದು." ಸಾವಿರಾರು ಮಕ್ಕಳನ್ನು ಲಸಿಕೆಯ ಸಾಲಿನಲ್ಲಿ ಅಲ್ಲಾಡದೆ ನಿಲ್ಲಿಸಿದವನು ನಾನು. ಆದರೆ ಸೂಜಿ ಎಂದರೆ ನನಗೇ ಹೆದರಿಕೆ, ಚುಚ್ಚುವಾಗ ಆಚೆ ಮುಖ ಮಾಡುತ್ತಿದ್ದೆ.

ಊಟದ ಶಿಸ್ತು ಕಷ್ಟವಾಗಲಿಲ್ಲ. ಅನ್ನ ಅರ್ಧ ಮಾಡಿದೆ, ಸಂಜೆಯ ಬನ್ಸ್ ಬಿಟ್ಟೆ, ಬಿಟ್ಟದ್ದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ತೊಂದರೆ ಆದದ್ದು ನಡಿಗೆಯಲ್ಲಿ. ಪಕ್ಕದ ಮಣಿಪಾಲದಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡು ಬೆಳಿಗ್ಗೆ ನಡೆಯುವವರನ್ನು ಯಾರೂ ಕೇಳುವುದಿಲ್ಲ. ನಮ್ಮ ಪರ್ಕಳದಲ್ಲಿ ಹಾಗಲ್ಲ. ಇಲ್ಲಿ ಪರಿಚಯದವನೊಬ್ಬ ರಸ್ತೆ ಬದಿಯಲ್ಲಿ ಬಿರುಸಾಗಿ ನಡೆಯುತ್ತಿದ್ದಾನೆ ಎಂದರೆ ಅವನಿಗೆ ಬಸ್ಸು ತಪ್ಪಿದೆ ಎಂದೇ ಅರ್ಥ. ಸ್ಕೂಟರಿನವರು ನಿಲ್ಲಿಸುತ್ತಾರೆ, ಕಾರಿನವರು ಬಾಗಿಲು ತೆರೆಯುತ್ತಾರೆ. ಇವರನ್ನೆಲ್ಲ ಹೇಗೋ ದಾಟಿದರೆ ಹಿಂದಿನಿಂದ ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸು. ಅದರ ಕಂಡಕ್ಟರ್ ಸುಧಾಕರ ನನ್ನ ಹಳೆಯ ವಿದ್ಯಾರ್ಥಿ. "ಬನ್ನಿ ಮಾಸ್ಟ್ರೇ, ಸೀಟುಂಟು!" ಎಂದು ಬಸ್ಸನ್ನೇ ನಿಲ್ಲಿಸಿಬಿಡುತ್ತಿದ್ದ. ಕೆಲಸಕ್ಕೆ ಹೊರಟ ಅಷ್ಟೂ ಜನ ಕಿಟಕಿಯಿಂದ ನನ್ನನ್ನೇ ದುರುಗುಟ್ಟಿ ನೋಡುವಾಗ ಹತ್ತದೆ ಇರುವುದಾದರೂ ಹೇಗೆ? ಎಷ್ಟೋ ದಿನ ವಾಕಿಂಗಿಗೆಂದು ಹೊರಟು ಉಡುಪಿಯಲ್ಲಿ ಇಳಿದಿದ್ದೇನೆ.

ಹತ್ತದೆ ಇದ್ದ ದಿನಗಳದ್ದು ಬೇರೆಯೇ ಕಥೆ. ಒಂದು ವಾರ ಕಳೆಯುವುದರೊಳಗೆ ಕಾಪುವಿನಿಂದ ನನ್ನ ಹೆಂಡತಿಯ ತಮ್ಮನ ಫೋನ್. "ಭಾವ, ಕಾರು ಮಾರಿದ್ರಂತೆ ಅಲ್ವಾ? ಏನಾದರೂ ಕಷ್ಟ ಇದ್ದರೆ ನಮಗೆ ಹೇಳುವುದಲ್ವಾ?" ಕಾರು ಅಂಗಳದಲ್ಲೇ ಇತ್ತು. ನನ್ನ ಹೆಂಡತಿ ಸುಮತಿಗೆ ಅವಮಾನವಾಯಿತು. "ನೀವು ನಡೆಯುವಾಗ ಕಾರಿನ ಕೀಯನ್ನಾದರೂ ಕೈಯಲ್ಲಿ ಹಿಡಿದುಕೊಳ್ಳಿ ಮಾರಾಯ್ರೇ" ಎಂದಳು.

ಮುಂದಿನ ರಕ್ತಪರೀಕ್ಷೆಯ ದಿನ ಹತ್ತಿರವಾಗುತ್ತಿತ್ತು. ಕೂತಲ್ಲಿ ಕೂರಲಾಗದ ಚಡಪಡಿಕೆ. ಕೊನೆಗೆ ರಸ್ತೆಗೇ ಶಿಸ್ತು ಕಲಿಸಲು ಹೊರಟೆ. ಸ್ಕೂಟರಿನವರನ್ನು ಒಬ್ಬೊಬ್ಬರನ್ನಾಗಿ ಗದರಿದೆ. ಸುಧಾಕರನನ್ನು ಬಸ್ ಸ್ಟ್ಯಾಂಡಿನಲ್ಲೇ ಹಿಡಿದು, ಹಿಂದೆ ಅಸೆಂಬ್ಲಿಯಲ್ಲಿ ಮಾತಾಡುತ್ತಿದ್ದ ದನಿಯಲ್ಲಿ, "ಇನ್ನು ನಾನು ಕೈಯೆತ್ತಿ ಬೇಡಿಕೊಂಡರೂ ನಿಲ್ಲಿಸಕೂಡದು!" ಎಂದೆ. "ಆಯ್ತು ಮಾಸ್ಟ್ರೇ" ಎಂದ. ಶಾಲೆಯಲ್ಲಿದ್ದಾಗ ಅವನು ನನ್ನ ಒಂದು ಮಾತನ್ನೂ ಕೇಳಿದವನಲ್ಲ. ಈಗ ಕೇಳಿದ. ಯಾರೂ ನಿಲ್ಲಿಸದಾದರು. ಹಾರ್ನ್ ಹೊಡೆದು, ಹೆಬ್ಬೆರಳು ಎತ್ತಿ, "ನಡೀರಿ ಮಾಸ್ಟ್ರೇ!" ಎಂದು ಹುರಿದುಂಬಿಸಿ ಹೋಗುತ್ತಿದ್ದರು.

ನಾನು ಇಷ್ಟಕ್ಕೇ ತೃಪ್ತಿಪಡಬೇಕಿತ್ತು. ಆದರೆ ಸೂಜಿಯ ಹೆದರಿಕೆ ಬೆನ್ನ ಹಿಂದೆಯೇ ಇತ್ತಲ್ಲ. ಒಂದು ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿಯನ್ನು ಆಮೇಲೆ ನೋಡೋಣವೆಂದು, ಎಂದಿಗಿಂತ ದೂರಕ್ಕೆ ಹೊರಟೆ. ತಿರುಗಿ ಮನೆಗೆ ಬರುವಾಗ ಕೈ ನಡುಗತೊಡಗಿತು. ತಣ್ಣಗಿನ ಬೆವರು. ಕಣ್ಣ ಮುಂದೆ ರಸ್ತೆ ತುಸು ಓರೆಯಾದಂತೆ. ಶುಗರ್ ಇಳಿದಿದೆ ಎಂದು ಗೊತ್ತಾಯಿತು, ಕಿಸೆಯಲ್ಲಿ ಮಾತ್ರ ಏನೂ ಇಲ್ಲ. ಅಷ್ಟರಲ್ಲಿ ಕಾರ್ಕಳದ ಬಸ್ಸು ಕಂಡಿತು. ಎರಡೂ ಕೈ ಎತ್ತಿದೆ.

"ಆಗುವುದಿಲ್ಲ ಮಾಸ್ಟ್ರೇ! ನೀವೇ ಹೇಳಿದ್ದು!" ಸುಧಾಕರ ಫುಟ್‌ಬೋರ್ಡಿನಿಂದ ನಗುತ್ತಾ ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದೆಯೇ ಬಂದ ಸ್ಕೂಟರಿನವನು ಹೆಬ್ಬೆರಳು ಎತ್ತಿ ಹೋದ. ಜೀವನದಲ್ಲಿ ಮೊದಲ ಸಲ ನನ್ನ ಆಜ್ಞೆಯನ್ನು ಇಡೀ ಊರೇ ಪಾಲಿಸುತ್ತಿತ್ತು, ಅದೇ ನನ್ನನ್ನು ಮಲಗಿಸುವ ಹಾಗಿತ್ತು.

ಜಂಕ್ಷನ್ನಿನಲ್ಲಿ ಕಟ್ಟಡ ಕೆಲಸದ ಬಾಗಲಕೋಟೆ ಕಡೆಯವರು ಟೆಂಪೋ ಕಾಯುತ್ತಿದ್ದರು. ನನ್ನ ಪರಿಚಯ ಇಲ್ಲದ್ದರಿಂದ ಅವರಿಗೆ ನನ್ನ ಆಜ್ಞೆಯೂ ತಿಳಿದಿರಲಿಲ್ಲ. "ಯಾಕ್ರೀ ಯಜಮಾನ್ರ, ಮಾರಿ ಯಾಕ ಹಿಂಗ ಬೆವತೈತಿ? ಕುಂಡರ್ರಿ ಮೊದಲ!" ಎಂದು ಒಬ್ಬ ಹೆಂಗಸು ನನ್ನನ್ನು ಮೋರಿಕಟ್ಟೆಯ ಮೇಲೆ ಕೂರಿಸಿದಳು. ಶುಗರ್ ಇಳಿದಿದೆ ಎಂದು ಹೇಗೋ ಹೇಳಿದೆ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಅದು ಚಹಾವಲ್ಲ, ಪಾನಕ. ಬೇರೆ ದಿನವಾಗಿದ್ದರೆ ಸಕ್ಕರೆಯ ಕೆಡುಕಿನ ಬಗ್ಗೆ ಅಲ್ಲೇ ಒಂದು ಭಾಷಣ ಮಾಡುತ್ತಿದ್ದೆ. ಅಂದು ಲೋಟ ಖಾಲಿ ಮಾಡಿ ಮತ್ತೆ ಚಾಚಿದೆ. "ಕುಡೀರಿ, ಕುಡೀರಿ, ನಾವೇನ್ ಬ್ಯಾಡ ಅಂತೀವೇನು?" ಎಂದಳು. ನಡುಕ ನಿಂತ ಮೇಲೆ ಪಿಕಾಸಿ ಬಾಣಲೆಗಳ ನಡುವೆ ನನ್ನನ್ನು ಟೆಂಪೋದಲ್ಲಿ ಕೂರಿಸಿ ಗೇಟಿನವರೆಗೆ ತಂದು ಬಿಟ್ಟರು. ನೆರೆಮನೆಯವರೆಲ್ಲ ನೋಡಿದರು. ಕಾಪುವಿನಿಂದ ಫೋನ್ ಬರಲು ಮಧ್ಯಾಹ್ನದವರೆಗೂ ಕಾಯಬೇಕಾಗಲಿಲ್ಲ.

ಪರೀಕ್ಷೆಯಲ್ಲಿ ಸರಾಸರಿ ಇಳಿದಿತ್ತು. ಸೂಜಿ ಬೇಡ ಎಂದರು ಡಾಕ್ಟರು, ಮಾತ್ರೆಯನ್ನೂ ತಗ್ಗಿಸಿದರು. ನಾನು ಎದೆಯುಬ್ಬಿಸುವಷ್ಟರಲ್ಲಿ ಸುಮತಿ ಟೆಂಪೋ ವಿಷಯ ಹೇಳಿಬಿಟ್ಟಳು. "ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ನಡೆಯಲಿಕ್ಕೆ ಯಾರು ಹೇಳಿದ್ದು ನಿಮಗೆ?" ಎಂದು ಅವರು ಗದರಿದ ರೀತಿಗೆ ನಾನು ಅಟೆನ್ಶನ್ನಿಗೆ ಬಂದೆ. ಇನ್ನು ತಿಂದೇ ನಡೆಯಬೇಕು, ಒಬ್ಬನೇ ಹೋಗಬಾರದು, ಜೊತೆಯಲ್ಲಿ ಸಿಹಿ ಇರಲೇಬೇಕು. "ಪೆಪ್ಪರ್‌ಮಿಂಟ್ ನನ್ನ ಬ್ಯಾಗಿನಲ್ಲಿ ಇರಲಿ" ಎಂದಳು ಸುಮತಿ. "ಇವರ ಕಿಸೆಯಲ್ಲಿದ್ದರೆ ದಿನಾ ಶುಗರ್ ಇಳಿಯುತ್ತದೆ."

ಮರುದಿನ ನೀರುದೋಸೆ ತಿಂದು ಇಬ್ಬರೂ ಹೊರಟೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸು ಬಂತು. "ಅಕ್ಕಾ, ನಿಮಗೂ ನಡೆಯಲಿಕ್ಕುಂಟಾ?" ಸುಧಾಕರ ಕೇಳಿದ. "ನನಗೆಂತ ಶುಗರ್ ಉಂಟಾ ಮಾರಾಯ?" ಎಂದವಳೇ ಹತ್ತಿಬಿಟ್ಟಳು. "ನೀವು ನಡೆದುಕೊಂಡು ಬನ್ನಿ, ಮುಂದಿನ ಸ್ಟಾಪಿನಲ್ಲಿ ಇರ್ತೇನೆ." ಅವಳೊಂದಿಗೆ ಬ್ಯಾಗೂ ಹೋಯಿತು. ಜೊತೆಯಲ್ಲಿ ಸಿಹಿ ಇರಲೇಬೇಕೆಂಬ ಡಾಕ್ಟರರ ಮಾತು ನೆನಪಾಯಿತು. ಓಡಿದೆ, ನಿವೃತ್ತಿಗೆ ಮೊದಲೂ ಓಡದ ಹಾಗೆ.

ಸ್ಟಾಪಿನಲ್ಲಿ ಸುಮತಿ ನನ್ನ ಬೆವರು ನೋಡಿ ಗಾಬರಿಯಾದಳು. "ಅಯ್ಯೋ, ಇಳಿಯಿತಾ? ಬಾಯಿ ತೆರೆಯಿರಿ!" ಬಸ್ಸಿಗೆ ಕಾದವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರು. ಹೊಟ್ಟೆ ತುಂಬ ನೀರುದೋಸೆ ಇದ್ದವನಿಗೆ ಶುಗರ್ ಇಳಿಯುವ ಕಾರಣವೇ ಇರಲಿಲ್ಲ. ಅದನ್ನು ಹೇಳುವುದಕ್ಕೆಂದೇ ಬಾಯಿ ತೆರೆದವನು, ಅವಳು ಪೆಪ್ಪರ್‌ಮಿಂಟಿನ ಕಾಗದ ಬಿಡಿಸುವುದನ್ನು ಕಂಡು, ಹಾಗೆಯೇ ತೆರೆದುಕೊಂಡು ನಿಂತೆ.