ರಕ್ತ ಕೊಡೋಕೆ ಬಂದವರು

ನಮ್ಮ ಬ್ಲಡ್ ಬ್ಯಾಂಕಿನಲ್ಲಿ ನಗುವಂಥದ್ದು ಏನೂ ನಡೆಯದ ವಾರ ಅಂತ ಒಂದಿದ್ದರೆ, ಅದು ನಾನು ರಜೆ ಹಾಕಿ ತುಮಕೂರಿಗೆ ಹೋದ ವಾರ ಇರಬೇಕು. ಮದುವೆಯಾಗಿ ಚೆನ್ನೈಗೆ ಬಂದು ಇಪ್ಪತ್ತೆರಡು ವರ್ಷ. ಅದರಲ್ಲಿ ಇಪ್ಪತ್ತು ವರ್ಷ ಕೀಲ್ಪಾಕ್ ಕಡೆಯ ಒಂದು ಆಸ್ಪತ್ರೆಯಲ್ಲಿ ಜನರ ತೋಳಿಗೆ ಸೂಜಿ ಚುಚ್ಚಿಯೇ ಕಳೆದಿದ್ದೇನೆ. ನಮ್ಮ ಯಜಮಾನರು ನೆಂಟರಿಗೆ ನನ್ನನ್ನು ಪರಿಚಯ ಮಾಡಿಕೊಡುವುದೇ "ಇವಳು ರಕ್ತ ಹೀರ್ತಾಳೆ, ಆಸ್ಪತ್ರೆಯಲ್ಲೂ" ಅಂತ. ಆ 'ಲೂ' ಮೇಲೆ ಸ್ವಲ್ಪ ಒತ್ತು ಜಾಸ್ತಿ. ಹೇಳಲಿ ಬಿಡಿ. ನನ್ನ ಸೂಜಿಯ ಎದುರು ಎಂಥೆಂಥವರ ಬಣ್ಣ ಬಯಲಾಗಿದೆ ಅನ್ನುವುದು ನನಗೆ ಗೊತ್ತು.

ನಲವತ್ತೈದು ಕೆಜಿ

ಗಿಂಡಿಯ ಒಂದು ಕಾಲೇಜಿನಲ್ಲಿ ಕ್ಯಾಂಪ್ ಹಾಕಿದ್ದೆವು. ರಕ್ತ ಕೊಡುವವರ ತೂಕ ನಲವತ್ತೈದು ಕೆಜಿಗೆ ಕಮ್ಮಿ ಇರಬಾರದು ಅನ್ನುವುದು ನಿಯಮ. ಒಬ್ಬಳು ಹುಡುಗಿ ಬಂದಳು, ನುಗ್ಗೇಕಾಯಿ ಥರ ಇದ್ದಳು. ತಕ್ಕಡಿ ಮೇಲೆ ನಿಂತರೆ ನಲವತ್ನಾಲ್ಕು.

"ಈ ಸಲ ಬೇಡಮ್ಮ. ಚೆನ್ನಾಗಿ ಊಟ ಮಾಡಿ, ಮುಂದಿನ ಸಲ ಬಾ" ಅಂದೆ.

ಅವಳ ಮುಖ ಬಾಡಿಹೋಯಿತು. ಹಾಸ್ಟೆಲಿನ ಗೆಳತಿಯರೆಲ್ಲ ಆಗಲೇ ಮಂಚದ ಮೇಲೆ ಮಲಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಸೀದಾ ಹೊರಗೆ ಹೋದಳು. ಮುಕ್ಕಾಲು ಗಂಟೆ ಬಿಟ್ಟು ಬೆವರು ಒರೆಸಿಕೊಳ್ಳುತ್ತಾ ಮತ್ತೆ ಹಾಜರ್. ಕ್ಯಾಂಟೀನಿನಲ್ಲಿ ನಾಲ್ಕು ಇಡ್ಲಿ, ಎರಡು ವಡೆ, ಒಂದು ಪೊಂಗಲ್, ಮೇಲೆ ಒಂದು ಲೋಟ ನೀರು ಮುಗಿಸಿ ಬಂದಿದ್ದಳಂತೆ. ತಕ್ಕಡಿ ಹತ್ತಿದಳು. ನಲವತ್ತೈದೂವರೆ!

ಅಷ್ಟು ಇಡ್ಲಿಗೆ ಇಷ್ಟು ತೂಕವೇ ಅಂತ ನನಗೆ ಅನುಮಾನ. ನೋಡಿದರೆ ಕುರ್ತಾದ ಎರಡೂ ಜೇಬು ಜೋತು ಬಿದ್ದಿವೆ. "ತೆಗಿ ಅದನ್ನ" ಅಂದೆ. ಮೊದಲು ಒಂದು ಮೊಬೈಲು ಹೊರಗೆ ಬಂತು. ಆಮೇಲೆ ಗೆಳತಿಯ ಮೊಬೈಲು. ಕೊನೆಗೆ ಇಟ್ಟಿಗೆಯಷ್ಟು ದಪ್ಪದ ಒಂದು ಪವರ್ ಬ್ಯಾಂಕು.

"ಅಮ್ಮಣ್ಣೀ," ಅಂದೆ, "ನಾವು ನಡೆಸ್ತಿರೋದು ಬ್ಲಡ್ ಬ್ಯಾಂಕು. ಇದರಿಂದ ರಕ್ತ ತೆಗೆಯೋ ಮಿಷನ್ ಇನ್ನೂ ಬಂದಿಲ್ಲ."

ಆದರೆ ಹುಡುಗಿಯ ಛಲ ನೋಡಿ. ಆರು ತಿಂಗಳ ನಂತರ ಅದೇ ಕಾಲೇಜಿಗೆ ಹೋದಾಗ ಸಾಲಿನಲ್ಲಿ ಮೊದಲು ನಿಂತಿದ್ದವಳು ಅವಳೇ. ನಾನು ಬಾಯಿ ತೆರೆಯುವ ಮೊದಲೇ ಎರಡೂ ಜೇಬನ್ನು ಹೊರಕ್ಕೆ ಎಳೆದು ತೋರಿಸಿ ತಕ್ಕಡಿ ಹತ್ತಿದಳು. ನಲವತ್ತೇಳು. ಪೊಲೀಸರಿಗೆ ಶರಣಾಗುವವರೂ ಅಷ್ಟು ಶಿಸ್ತಾಗಿ ಜೇಬು ತೋರಿಸುವುದಿಲ್ಲ.

ಮಂಡ್ಯದಿಂದ ಬಂದದ್ದು

ಗಿಂಡಿಯಲ್ಲೇ ಇನ್ನೊಂದು ಸಲ, ಒಂದು ಕಾರ್ಖಾನೆಯಲ್ಲಿ. ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರದ ಎಂಜಿನಿಯರ್ ಹುಡುಗ ಮಂಚದ ಮೇಲೆ ಮಲಗಿದ್ದ. ತಮಿಳು ಬಾರದು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, "ಅಯ್ಯೋ ಮೇಡಂ, ನೀವು ನಮ್ಮವರಾ! ನಂದು ಮಂಡ್ಯ" ಅಂತ ಎದ್ದೇ ಕೂತ. ಅದುಮಿ ಮಲಗಿಸಿದೆ.

ಪಕ್ಕದ ಮಂಚದಲ್ಲಿ ಕಾರ್ಖಾನೆಯ ಸೆಕ್ಯುರಿಟಿಯವರು. ತಂಜಾವೂರು ಕಡೆಯವರು, ಮನೆಯಲ್ಲಿ ಇವತ್ತಿಗೂ ಭತ್ತದ ಗದ್ದೆ ಇದೆ. 'ಮಂಡ್ಯ' ಅನ್ನುವ ಶಬ್ದ ಕಿವಿಗೆ ಬಿದ್ದದ್ದೇ ಕತ್ತು ಈ ಕಡೆ ತಿರುಗಿತು.

"ತಣ್ಣಿ ಕೇಟ್ಟಾ ಕೋರ್ಟುಕ್ಕು ಪೋವೀಂಗ, ರತ್ತಂ ಮಟ್ಟುಂ ಕೇಕ್ಕಾಮಲೇ ತರೀಂಗಳೇ!" ಅಂದರು.

ಹುಡುಗ ಗಾಬರಿಯಿಂದ ನನ್ನ ಮುಖ ನೋಡಿದ. "ಏನಂತೆ ಮೇಡಂ?"

"ನೀರು ಕೇಳಿದ್ರೆ ಕೋರ್ಟಿಗೆ ಹೋಗ್ತೀರಿ, ರಕ್ತ ಮಾತ್ರ ಕೇಳದೇನೇ ಕೊಡ್ತೀರಲ್ಲ ಅಂತಿದ್ದಾರೆ" ಅಂದೆ.

ಹುಡುಗ ಮಂಡ್ಯದವನೇ, ಸುಮ್ಮನಿರುತ್ತಾನೆಯೇ? "ಹೇಳಿ ಮೇಡಂ ಅವರಿಗೆ, ಡ್ಯಾಮಿನ ಬಾಗಿಲು ಸರ್ಕಾರದ್ದು. ಇದು ಒಂದೇ ನಂದು" ಅಂತ ತೋಳು ತೋರಿಸಿದ. ತಮಿಳಿಗೆ ತಿರುಗಿಸಿ ಹೇಳಿದೆ. ಮಂಚದ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು, ಸೆಕ್ಯುರಿಟಿಯವರೂ ನಕ್ಕರು.

ಅಷ್ಟರಲ್ಲಿ ಅವರ ಚೀಲ ತುಂಬಿ, ಸೂಜಿ ತೆಗೆದಾಯಿತು. ಹುಡುಗನದು ಇನ್ನೂ ಅರ್ಧವೂ ಆಗಿಲ್ಲ. ನರ ಸಣ್ಣದು, ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಸೆಕ್ಯುರಿಟಿಯವರು ಹೋಗುವ ಮುಂಚೆ ಆ ಚೀಲವನ್ನು ಬಗ್ಗಿ ನೋಡಿ, ನನಗೆ ಮಾತ್ರ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದರು:

"ನೋಡಿಮ್ಮಾ, ಇಲ್ಲೂ ಸ್ವಲ್ಪ ಸ್ವಲ್ಪಾನೇ ಬಿಡ್ತಿದ್ದಾನೆ!"

ಹಚ್ಚೆ

ಇದು ಚಿಕ್ಕದು. ಮೊಣಕೈಯಿಂದ ಹೆಗಲ ತನಕ ಹುಲಿಯ ಹಚ್ಚೆ ಹಾಕಿಸಿಕೊಂಡ ಜಿಮ್ ಹುಡುಗನೊಬ್ಬನನ್ನು ಗೆಳೆಯರು ಹೆಚ್ಚೂಕಮ್ಮಿ ಹೊತ್ತುಕೊಂಡೇ ಬಂದರು. ಕುರ್ಚಿಯಲ್ಲಿ ಕೂತವನ ಕಣ್ಣು ನನ್ನ ಟ್ರೇ ಮೇಲಿನ ಸೂಜಿ ಬಿಟ್ಟು ಆಚೀಚೆ ಅಲ್ಲಾಡುತ್ತಿರಲಿಲ್ಲ. ಹುಲಿಯೇ ಬೆವರುತ್ತಿತ್ತು.

"ಹಚ್ಚೆ ಯಾವಾಗ ಹಾಕಿಸಿದ್ದು?" ಅಂತ ಕೇಳಿದೆ.

"ಹೋದ ತಿಂಗಳು."

"ಹಾಗಿದ್ರೆ ಒಂದು ವರ್ಷ ರಕ್ತ ಕೊಡೋ ಹಾಗಿಲ್ಲ."

ಆ ಮುಖದಲ್ಲಿ ಬಂದ ಕಳೆಯನ್ನು ಬರೆಯಲು ನನಗೆ ಬಾರದು. ಗೆಳೆಯರಿಗೆ ಕೇಳದ ಹಾಗೆ ಮುಂದೆ ಬಾಗಿ ಪಿಸುಗುಟ್ಟಿದ: "ಅಕ್ಕಾ, ಇನ್ನೊಂದು ತೋಳು ಖಾಲಿ ಇದೆ. ಮುಂದಿನ ವರ್ಷ ಅದಕ್ಕೆ ಹಾಕಿಸಿದ್ರೆ?"

ತುರ್ತಾಗಿ ಬೇಕಾಗಿದೆ

ಒಂದು ಭಾನುವಾರ ಬೆಳಗ್ಗೆ ತುಮಕೂರಿನಿಂದ ನಾದಿನಿಯ ಫೋನು. "ಅತ್ತಿಗೆ, ನಿಮ್ಮ ಊರಲ್ಲೇ ಮಗುವಿಗೆ ಆಪರೇಷನ್ನಂತೆ, ಎಬಿ ನೆಗೆಟಿವ್ ಬೇಕಂತೆ. ವಾಟ್ಸಾಪಲ್ಲಿ ಬಂದಿದೆ. ನೀವು ಅಲ್ಲಿದ್ದೂ ಸುಮ್ಮನೆ ಕೂತಿದ್ದೀರಲ್ಲ!"

ಮೆಸೇಜು ತೆರೆದು ನೋಡಿದೆ. ಕೈ ಮುಗಿದ ಚಿತ್ರ ಹನ್ನೆರಡು, ಅಳುವ ಮುಖ ಆರು, ತಾರೀಖು ಮಾತ್ರ ಇಲ್ಲ. ಕೆಳಗೆ ಒಂದು ನಂಬರು. ಹಳೆಯ ಮೆಸೇಜಿರಬಹುದು ಅನ್ನಿಸಿತು. ಆದರೆ ನಿಜವಾಗಿದ್ದರೆ? ಎಬಿ ನೆಗೆಟಿವ್ ಸಿಗುವುದೇ ಅಪರೂಪ. ಆ ನಂಬರಿಗೆ ಫೋನ್ ಮಾಡಿದೆ.

ಎಳೆಯ ದನಿಯೊಂದು ತಮಿಳಿನಲ್ಲಿ "ಯಾರು?" ಅಂತು.

"ಅಪ್ಪನ ಹತ್ರ ಕೊಡು ಪುಟ್ಟಾ. ಯಾರಿಗೋ ರಕ್ತ ಬೇಕಂತಲ್ಲ..."

"ಅದು ನನಗೇ ಆಂಟಿ," ಅಂತು ಮಗು, ದಿನಾ ಹೇಳಿ ಹೇಳಿ ಬೇಸತ್ತ ದನಿಯಲ್ಲಿ. "ಆವಾಗ ನಾನು ಯುಕೆಜಿ. ಈಗ ಮೂರನೇ ಕ್ಲಾಸು. ಚೆನ್ನಾಗಿದ್ದೀನಿ. ಅಪ್ಪ ಸ್ನಾನಕ್ಕೆ ಹೋಗಿದ್ದಾರೆ."

ನನ್ನ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಅವತ್ತು ಯಾರೋ ಹೋಗಿ ಕೊಟ್ಟಿದ್ದಕ್ಕೆ ತಾನೇ ಈ ಮಗು ಇವತ್ತು ಫೋನ್ ಎತ್ತಿದ್ದು? "ತುಂಬಾ ಸಂತೋಷ ಕಂದಾ, ಇಡ್ತೀನಿ" ಅಂದೆ.

"ಇರಿ ಆಂಟಿ," ಅಂತು ಮಗು. "ನಿಮಗೆ ಹದಿನೇಳರ ಮಗ್ಗಿ ಬರುತ್ತಾ? ಫೋನ್ ಮಾಡಿದವರನ್ನೆಲ್ಲ ಕೇಳ್ತಿದ್ದೀನಿ, ಯಾರಿಗೂ ಬರ್ತಿಲ್ಲ."

ನಾಲ್ಕು ಬಜ್ಜಿ

ನೆಗೆಟಿವ್ ಗುಂಪಿನವರ ಹೆಸರು, ನಂಬರು ನಾವು ಬೇರೆ ಪುಸ್ತಕದಲ್ಲಿ ಇಟ್ಟಿರುತ್ತೇವೆ. ಆ ಪುಸ್ತಕದಲ್ಲಿ ಬೆಸೆಂಟ್ ನಗರದ ಒಬ್ಬ ಹುಡುಗಿ ಇದ್ದಾಳೆ. ಓ ನೆಗೆಟಿವ್. ನಮ್ಮ ಕಡೆಯವಳೇ, ಬ್ಯಾಂಕಿನಲ್ಲಿ ಆಫೀಸರು. ನಾಲ್ಕು ತಿಂಗಳು ತುಂಬಿದ ವಾರವೇ ಬಂದು ಕೊಟ್ಟುಹೋಗುವವಳು.

ಒಂದು ದಿನ ಮಧ್ಯಾಹ್ನ ಹೆರಿಗೆ ವಾರ್ಡಿನಿಂದ ಕರೆ ಬಂತು. ಮಗು ಹುಟ್ಟಿದೆ, ತಾಯಿಗೆ ರಕ್ತಸ್ರಾವ ನಿಂತಿಲ್ಲ, ಓ ನೆಗೆಟಿವ್ ಬೇಕು. ಫ್ರಿಜ್ಜಿನಲ್ಲಿ ಇದ್ದದ್ದು ಎರಡೇ ಚೀಲ, ಎರಡನ್ನೂ ಕಳಿಸಿದೆ. ರಾತ್ರಿಯೊಳಗೆ ಇನ್ನೂ ಬೇಕಾಗಬಹುದು ಅಂದರು ಡಾಕ್ಟರು. ಹೊಸದಾಗಿ ತೆಗೆದ ರಕ್ತವನ್ನು ಹಾಗೇ ಕೊಡಲಾಗುವುದಿಲ್ಲ, ಪರೀಕ್ಷೆಗಳು ಮುಗಿಯಲು ಗಂಟೆಗಳೇ ಬೇಕು. ಪುಸ್ತಕ ತೆಗೆದೆ, ಆ ಹುಡುಗಿಗೆ ನಾಲ್ಕು ತಿಂಗಳು ಆ ವಾರವೇ ತುಂಬಿತ್ತು, ಕೂಡಲೇ ಫೋನ್ ಹೊಡೆದೆ. ಎತ್ತಿದವಳು ಪಿಸುದನಿಯಲ್ಲಿ, "ಮೇಡಂ, ಗಂಡಿನವರು ನೋಡೋಕೆ ಬಂದಿದ್ದಾರೆ" ಅಂದಳು.

ನಾನು ನಾಲಿಗೆ ಕಚ್ಚಿಕೊಂಡೆ. "ಹಾಗಿದ್ರೆ ಬೇಡಮ್ಮ, ಬೇರೆಯವರನ್ನ ನೋಡ್ತೀನಿ."

"ಯಾರಿಗೆ ಮೇಡಂ?"

ಹೇಳಿದೆ. "ಹೊರಟೆ" ಅಂದಳು.

ಮುಂದೆ ಆ ಮನೆಯಲ್ಲಿ ನಡೆದದ್ದನ್ನು ಅವಳೇ ಹೇಳಿದಳು. ಬಜ್ಜಿ ತಟ್ಟೆಯನ್ನು ಅಮ್ಮನ ಕೈಗಿಟ್ಟು, "ಅರ್ಜೆಂಟು, ಬಂದುಬಿಡ್ತೀನಿ" ಅಂದಳಂತೆ. ಅಮ್ಮನಿಗೆ ಕುಸಿಯುವುದೊಂದು ಬಾಕಿ. ಹುಡುಗನ ತಾಯಿ, "ಇದೇನು, ನಾವು ಬಂದಿರುವಾಗಲೇ?" ಅಂದರಂತೆ. ಆಗ ಹುಡುಗನೇ ಎದ್ದು, "ನನ್ನ ಕಾರಿದೆ, ಬಿಡ್ತೀನಿ" ಅಂದನಂತೆ.

ಇಬ್ಬರೂ ಬಂದರು. ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ಆ ಮಂಚದ ಮೇಲೆ ಅಂಥ ಅಲಂಕಾರ ನಾನು ಕಂಡಿರಲಿಲ್ಲ. ಸೀರೆಗೆ ಕಲೆಯಾಗದ ಹಾಗೆ ಟವೆಲು ಹೊದಿಸಿ ಸೂಜಿ ಹಾಕಿದೆ. ಹುಡುಗ ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದ.

ನಾನು ಬಿಡುತ್ತೇನೆಯೇ? "ನೀವೂ ಕೊಡಬಹುದಲ್ಲ? ಯಾವ ಗುಂಪಾದರೂ ಪರವಾಗಿಲ್ಲ. ಇವತ್ತು ತೆಗೆದಿಟ್ಟದ್ದು ನಾಳೆ ಯಾರಿಗೋ ಆಗುತ್ತೆ. ಹೀಗೆ ಓಡಿ ಬಂದು ಕೊಡೋ ರಕ್ತಕ್ಕಿಂತ ಮೊದಲೇ ಫ್ರಿಜ್ಜಲ್ಲಿರೋ ರಕ್ತ ದೊಡ್ಡದು" ಅಂದೆ.

ಹುಡುಗ ಬೆವರು ಒರೆಸಿಕೊಂಡ. "ಕೊಡ್ತಿದ್ದೆ ಮೇಡಂ. ಆದರೆ ಖಾಲಿ ಹೊಟ್ಟೆಯಲ್ಲಿ ಕೊಡಬಾರದಂತಲ್ಲ? ನಾನು ಬೆಳಗ್ಗೆಯಿಂದ ಏನೂ ತಿಂದಿಲ್ಲ."

ಮಂಚದ ಮೇಲಿಂದ, ಕಣ್ಣು ಕೂಡ ತೆರೆಯದೆ, ಹುಡುಗಿ ಅಂದಳು: "ನಾಲ್ಕು ಬಜ್ಜಿ ತಿಂದಿದ್ದಾರೆ ಮೇಡಂ. ನಾನೇ ಬಡಿಸಿದ್ದು."

ಕೊಟ್ಟ. ಬಾಣಂತಿ ಉಳಿದಳು, ಎಂಟನೇ ದಿನ ಮಗುವನ್ನು ಎತ್ತಿಕೊಂಡು ಮನೆಗೆ ಹೋದಳು. ಇವರಿಬ್ಬರ ಮದುವೆಯೂ ಆಯಿತು. ಈಗ ಹುಡುಗ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಾನೆ. ಏನು ತಿಂದು ಬಂದಿದ್ದಾನೆ ಅಂತ ನಾನು ಕೇಳುವುದಿಲ್ಲ, ಹೆಂಡತಿ ಮೊದಲೇ ಫೋನ್ ಮಾಡಿ ಹೇಳಿರುತ್ತಾಳೆ.

ಜಾತಕ

ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ಒಬ್ಬರು ನಮ್ಮಲ್ಲಿಗೆ ವರ್ಷಗಟ್ಟಲೆಯಿಂದ ಬರುತ್ತಿದ್ದರು. ತಾತನ ಕಾಲದಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು. ನನ್ನನ್ನು ತಂಗಿ ಅನ್ನುವ ಬದಲು ತಮಿಳರ ಹಾಗೆ 'ತಂಗಚ್ಚಿ' ಅಂತ ಕರೆಯುತ್ತಾರೆ. ವಯಸ್ಸಿನಲ್ಲಿ ಒಮ್ಮೆ ಪ್ಲಾಟ್‌ಫಾರ್ಮಿನಿಂದ ಬಿದ್ದು, ಬದುಕುವುದೇ ಅನುಮಾನ ಅಂದಿದ್ದಾಗ ಯಾರ್ಯಾರದೋ ರಕ್ತ ಏರಿಸಿ ಉಳಿಸಿದ್ದರಂತೆ. "ಅವತ್ತು ಕೊಟ್ಟವರು ಯಾರೋ ಗೊತ್ತಿಲ್ಲ, ನಾನು ಕೊಡೋದು ಯಾರಿಗೆ ಹೋಗುತ್ತೋ ಗೊತ್ತಿಲ್ಲ. ಅದೇ ಚೆನ್ನಾಗಿರೋದು, ತಂಗಚ್ಚಿ" ಅನ್ನುತ್ತಿದ್ದರು.

ಮೊನ್ನೆ ಬಂದಾಗ ನಾನು ದಾಖಲೆ ನೋಡಿ ಮೆಲ್ಲಗೆ ಹೇಳಿದೆ: "ಸರ್, ನಿಮಗೆ ಅರವತ್ತೈದು ತುಂಬಿತು. ಇನ್ನು ತಗೊಳ್ಳೋ ಹಾಗಿಲ್ಲ."

ಮನುಷ್ಯ ಒಪ್ಪಲೇ ಇಲ್ಲ. "ಅದು ಸ್ಕೂಲಿನ ತಾರೀಖು! ಮೇಷ್ಟ್ರು ತಪ್ಪು ಬರೆದರು ಅಂತ ನಮ್ಮಮ್ಮ ಸಾಯೋವರೆಗೂ ಹೇಳ್ತಿದ್ರು. ನಿಜವಾದ ವಯಸ್ಸು ಕಮ್ಮಿ. ಪ್ರೂಫ್ ತರ್ತೀನಿ, ಇರು."

ಎರಡು ದಿನ ಬಿಟ್ಟು ತಂದರು. ಒಂದು ಕೈಯಲ್ಲಿ ಅರಿಶಿನ ಹಚ್ಚಿದ ಹಳೆಯ ಜಾತಕ. ಇನ್ನೊಂದು ಕೈಯಲ್ಲಿ, ತೊಂಬತ್ತರ ಹತ್ತಿರದ ದೊಡ್ಡಮ್ಮ. "ನಾನು ಹುಟ್ಟಿದಾಗ ಪಕ್ಕದಲ್ಲೇ ಇದ್ದವರು. ಕಣ್ಣಾರೆ ಕಂಡ ಸಾಕ್ಷಿ!"

ನಮ್ಮ ಡಾಕ್ಟರು ತಮಿಳರು, ಆದರೂ ಸಂವತ್ಸರದ ಹೆಸರು ಅವರಿಗೂ ಇವೇ. ಕಾಗದವನ್ನು ಬಿಡಿಸಿ ನಾನು ಓದಿದೆ: "ವಿಕಾರಿ ನಾಮ ಸಂವತ್ಸರ."

ಡಾಕ್ಟರು ಬೆರಳು ಮಡಚಿ ಎಣಿಸಿದರು. ಒಮ್ಮೆ ಬಂದ ಸಂವತ್ಸರ ಮತ್ತೆ ಬರುವುದು ಅರವತ್ತು ವರ್ಷಕ್ಕೆ. ಈಚಿನ ವಿಕಾರಿ ಬಂದುಹೋಗಿ ಆಗಲೇ ಆರು ವರ್ಷ. ಅರವತ್ತು, ಮೇಲೆ ಆರು.

"ಸರ್," ಅಂದರು ಡಾಕ್ಟರು, "ಮೇಷ್ಟ್ರು ತಪ್ಪು ಬರೆದದ್ದು ನಿಜ. ಆದರೆ ಒಂದು ವರ್ಷ ಕಮ್ಮಿ ಬರೆದಿದ್ದಾರೆ. ಲೆಕ್ಕದ ಪ್ರಕಾರ ನೀವು ಹೋದ ವರ್ಷವೇ ನಿಲ್ಲಿಸಬೇಕಿತ್ತು!"

"ಹೌದು ಮತ್ತೆ," ಅಂದರು ದೊಡ್ಡಮ್ಮ. "ಇವನು ನೋಡೋಕೆ ಪುಟ್ಟಗೆ ಇದ್ದ. ಸ್ಕೂಲಿಗೆ ಒಂದು ವರ್ಷ ಚಿಕ್ಕವನು ಅಂತ ಹೇಳಿ ಸೇರಿಸಿದ್ವಿ. ನಾನೇ ಮೇಷ್ಟ್ರಿಗೆ ಸುಳ್ಳು ಹೇಳಿದ್ದು."

ಗಾರ್ಡ್ ಸಾಹೇಬರು ತಂದ ಸಾಕ್ಷಿಯೇ ಅವರನ್ನು ಹಳಿ ತಪ್ಪಿಸಿತು. ಡಾಕ್ಟರು ಜಾತಕವನ್ನು ಮಡಚಿ ಕೈಗೆ ಕೊಟ್ಟು, "ದಾಖಲೆಯಲ್ಲಿರೋ ಅರವತ್ತೈದೇ ನಮಗೆ ವಯಸ್ಸು, ಇವತ್ತಿಗೆ ನಿಲ್ಲಿಸೋಣ. ಈ ಕಾಗದ ನಾನು ನೋಡಿಲ್ಲ" ಅಂದರು. ಗಾರ್ಡ್ ಸಾಹೇಬರು ಖಾಲಿ ಮಂಚದ ಕಡೆ ನೋಡುತ್ತಾ ಕೂತರು. "ನಿಮ್ಮ ಮನೆಯಲ್ಲಿ ವಯಸ್ಸಿನವರು ಎಷ್ಟು ಜನ ಇದ್ದಾರೆ ಸರ್? ಅವರನ್ನ ಕರ್ಕೊಂಡು ಬನ್ನಿ" ಅಂದೆ. ಆಮೇಲೆ ಹಾಗೇ ಮಾಡಿದರು. ಮಗ, ಸೊಸೆ, ಅಳಿಯ, ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರ ಕೊಡುವ ಮೊಮ್ಮಗಳು, ಎಲ್ಲರನ್ನೂ ಬೋಗಿಯ ಹಾಗೆ ಹಿಂದೆ ಕಟ್ಟಿಕೊಂಡು ಬಂದರು.

ಆದರೆ ಆ ದಿನದ ಮಾತು ಹೇಳಬೇಕು. ತಂಗಿಯ ಮಗನ ಆ ಸಪ್ಪೆ ಮುಖ ದೊಡ್ಡಮ್ಮನಿಗೆ ನೋಡಲಾಗಲಿಲ್ಲ. ಕೋಲೂರಿಕೊಂಡು ಎದ್ದರು. ಸೀದಾ ಬಂದು ಮಂಚದ ಮೇಲೆ ಕೂತರು. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಸುಕ್ಕುಗಟ್ಟಿದ ಆ ಕೈಯನ್ನು ನನ್ನ ಮುಂದೆ ಚಾಚಿದರು.

"ಅವನನ್ನ ಬಿಡಮ್ಮ, ನಂದು ತಗೋ. ನಾನು ಹುಟ್ಟಿದ್ದು ಯಾವಾಗ ಅಂತ ನಮ್ಮಪ್ಪನೇ ಬರೆದಿಟ್ಟಿಲ್ಲ, ನಿಮ್ಮನ್ನ ಯಾರೂ ಏನೂ ಕೇಳೋ ಹಾಗಿಲ್ಲ!"