ತಟ್ಟೆ ನೋಡಿ ರೋಗ ಹೇಳುವವರು

ನನ್ನ ಗೆಳತಿ ಡಾಕ್ಟರು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವಳು. ಅಲ್ಲೇ ಪಾಠ ಹೇಳುವ ಅವಳ ಗಂಡನೂ ಡಾಕ್ಟರೇ. ಆದರೂ ಮಲೇಷ್ಯಾದ ಮಾಂಟ್ ಕಿಯಾರಾದ ಅವರ ಮನೆಯಲ್ಲಿ ರೋಗ ಪತ್ತೆ ಹಚ್ಚುತ್ತಿದ್ದವರು ಗೆಳತಿಯ ತಾಯಿ. ಅವರಿಗೆ ಸ್ಟೆತಸ್ಕೋಪು ಬೇಡ, ರಕ್ತಪರೀಕ್ಷೆ ಬೇಡ, ನೀವು ಉಂಡೆದ್ದ ತಟ್ಟೆ ಸಾಕು!

ಒಮ್ಮೆ ಅಳಿಯ ಸಾರಿನ ಕರಿಬೇವನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಟ್ಟದ್ದನ್ನು ನೋಡಿ, ಇವನಿಗೆ ಕಾಲೇಜಿನಲ್ಲಿ ಮೇಲಿನವರ ಜೊತೆ ಜಗಳವಾಗಿದೆ ಎಂದರು. ಆಗಿತ್ತು. ಮೊಮ್ಮಗಳು ಮೊಸರನ್ನಕ್ಕೆ ಎರಡನೇ ಸಲ ಉಪ್ಪಿನಕಾಯಿ ಕೇಳಲಿಲ್ಲವೆಂದು ಅವಳ ಶಾಲೆಯ ಚೀಲ ತೆಗೆಸಿದರು. ಒಳಗಿಂದ ಗಣಿತದ ಉತ್ತರಪತ್ರಿಕೆ ಹೊರಬಂತು. ಮಲೇಷ್ಯಾದಲ್ಲೇ ಹುಟ್ಟಿ ಬೆಳೆದ ಆ ಹುಡುಗಿ, "ಅಜ್ಜಿ ಈಸ್ ವರ್ಸ್ ದ್ಯಾನ್ ಸಿಸಿಟಿವಿ ಲಾ" ಎಂದು ಅಲ್ಲಿಯವರ ಇಂಗ್ಲಿಷಿನಲ್ಲಿ ಗೊಣಗಿದಳು. ಅಜ್ಜಿ ಅದನ್ನು ಹೊಗಳಿಕೆ ಎಂದುಕೊಂಡು ಇನ್ನೊಂದು ಸೌಟು ಮೊಸರು ಬಡಿಸಿದರು.

ಅವರು ತೀರಿಕೊಂಡು ಎರಡು ವರ್ಷವಾಯಿತು. ನನಗೆ ಅವರು ಮೊದಲು ಸಿಕ್ಕಿದ್ದು ಬಾಂಗ್ಸಾರಿನ ಒಂದು ಮಾಮಕ್ ಹೋಟೆಲಿನಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ. ನಾನು ದಾವಣಗೆರೆಯಲ್ಲಿದ್ದ ಅಣ್ಣನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಈ ದೇಶದಲ್ಲಿ ನನ್ನ ಕನ್ನಡ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯದಲ್ಲಿ ದನಿಯೂ ಏರಿತ್ತು. ಫೋನ್ ಇಡುತ್ತಲೇ ಪಕ್ಕದ ಮೇಜಿನಿಂದ ಒಬ್ಬ ಹಿರಿಯ ಹೆಂಗಸು ಎದ್ದು ಬಂದು, "ತಪ್ಪು ನಿನ್ನದೇ. ಮೊದಲು ತಿನ್ನು, ಆಮೇಲೆ ಅಣ್ಣನಿಗೆ ಫೋನ್ ಮಾಡು" ಎಂದು ತೀರ್ಪು ಕೊಟ್ಟರು. ನಾಚಿಕೆಯಿಂದ ಕೆಂಪಾದ ಅವರ ಮಗಳೇ ಮುಂದೆ ನನ್ನ ಗೆಳತಿಯಾದಳು.

ನನ್ನ ತಾಯಿ ನಾನು ಪಿಯುಸಿಯಲ್ಲಿದ್ದಾಗಲೇ ಹೋಗಿದ್ದರು. ಕ್ಲಾಂಗ್ ಬಂದರಿನ ಒಂದು ಹಡಗು ಏಜೆಂಟರ ಕಚೇರಿಯಲ್ಲಿ ನನ್ನ ಕೆಲಸ, ಹತ್ತಿರದಲ್ಲೇ ಒಂಟಿ ಮನೆವಾಸ. ಭಾನುವಾರ ಬಂತೆಂದರೆ ಮಾಂಟ್ ಕಿಯಾರಾದಲ್ಲಿ ಹಾಜರಿ ಹಾಕಲೇಬೇಕು. ಗೆಳತಿಯ ತಾಯಿಯನ್ನು ಆಂಟಿ ಎಂದು ಕರೆದದ್ದು ಎರಡು ವಾರವಷ್ಟೇ. ಯಾವಾಗ ಅಮ್ಮ ಎನ್ನಲು ಶುರು ಮಾಡಿದೆನೋ ನೆನಪಿಲ್ಲ.

ಅಂಥ ಒಂದು ಭಾನುವಾರ ನೀರುದೋಸೆ. ನಾನು ಏಳು ದೋಸೆಯ ಗಿರಾಕಿ. ಅವತ್ತು ಮೂರಕ್ಕೇ ಎದ್ದೆ. ನಾನು ತಟ್ಟೆ ತೊಳೆಯಲು ಹೋದಾಗ ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕೇಳಿದರು.

"ಎಷ್ಟು ದಿನ ಆಯ್ತು?"

"ಏನಮ್ಮ?"

"ನೀನು ಹೆದರಿಕೊಂಡು."

ಹನ್ನೊಂದು ದಿನವಾಗಿತ್ತು. ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತ್ತು. ಡಾಕ್ಟರ್ ಗೆಳತಿ ಪಕ್ಕದ ಕೋಣೆಯಲ್ಲೇ ಇದ್ದರೂ ಬಾಯಿ ಬಿಟ್ಟಿರಲಿಲ್ಲ. ಯಾಕೆ ಎಂದು ಅವರು ಕೇಳಿದಾಗ, "ಹೇಳಿದ್ರೆ ನಿಜ ಆಗಿಬಿಡುತ್ತೆ ಅನ್ನಿಸ್ತಮ್ಮ" ಎಂದೆ.

"ಹೇಳದಿದ್ರೆ ಗಂಟು ನಾಚಿಕೊಂಡು ಓಡಿ ಹೋಗ್ತದಾ ಮಾರಾಯ್ತಿ?" ಎಂದವರೇ ಮಗಳನ್ನು ಕೂಗಿದರು.

ಎರಡೇ ದಿನದಲ್ಲಿ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಫಲಿತಾಂಶಕ್ಕೆ ಒಂದು ವಾರ. ಆ ವಾರ ಹೇಗೆ ಕಳೆಯಲಿ ಎಂದು ನಾನು ಯೋಚಿಸುವಷ್ಟರಲ್ಲಿ ಅಮ್ಮ ಮಿಕ್ಸಿ, ಕುಚ್ಚಲಕ್ಕಿ, ಉಪ್ಪಿನಕಾಯಿ ಭರಣಿಯ ಸಮೇತ ನನ್ನ ಮನೆಗೆ ಬಂದಿಳಿದರು. ಸಮಾಧಾನ ಹೇಳುತ್ತಾರೆ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ದಿನ ನನ್ನ ಪಾತ್ರೆಗಳು ಸರಿಯಾಗಿ ಬೆಳಗಿಲ್ಲವೆಂದು ಅಷ್ಟನ್ನೂ ಇನ್ನೊಮ್ಮೆ ತೊಳೆಸಿದರು. ಎರಡನೇ ದಿನ ಫ್ಯಾನಿನ ರೆಕ್ಕೆ ಒರೆಸಲು ಹಚ್ಚಿದರು. ಆಮೇಲೆ ಪಕ್ಕದ ಮನೆಯ ಚೀನೀ ಅಜ್ಜಿಯ ಸ್ನೇಹವಾಯಿತು. ಇವರು ಕನ್ನಡದಲ್ಲಿ, ಅವರು ತಮ್ಮ ಭಾಷೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಒಳಗೆ ಬಂದು ಆ ಅಜ್ಜಿಯ ಸೊಸೆ ಸರಿಯಿಲ್ಲವೆಂದು ವರದಿ ಒಪ್ಪಿಸಿದರು. ನಾಲ್ಕನೇ ದಿನ ನನ್ನ ಕಪಾಟಿನ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಸುರಿದಾಗ ನನಗೆ ಎಂಥ ಸಿಟ್ಟು ಬಂತೆಂದರೆ, ರಾತ್ರಿ ಊಟದವರೆಗೂ ಗಂಟಿನ ನೆನಪೇ ಆಗಲಿಲ್ಲ.

ಫಲಿತಾಂಶದ ದಿನ ಗೆಳತಿಗೆ ತಪ್ಪಿಸಲಾಗದ ಪರೀಕ್ಷೆಯ ಡ್ಯೂಟಿ. ಅಮ್ಮ, ನಾನು ಇಬ್ಬರೇ ಹೋದೆವು. ತಲೆಗೆ ಸ್ಕಾರ್ಫ್ ಸುತ್ತಿದ್ದ ಮಲಯ್ ಡಾಕ್ಟರ್ ಹುಡುಗಿ ಕಾಗದ ನೋಡಿ, ಇದು ಕ್ಯಾನ್ಸರ್ ಅಲ್ಲ, ಆರು ತಿಂಗಳಿಗೊಮ್ಮೆ ತೋರಿಸಿಕೊಂಡರೆ ಸಾಕು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಕುರ್ಚಿಯಲ್ಲಿ ಕೂತೇ ಇದ್ದೇನೆಯೇ ಎಂದು ಕೆಳಗೆ ನೋಡಿಕೊಂಡೆ. ಅನುವಾದಿಸಬೇಕೆಂಬುದೇ ಮರೆತುಹೋಯಿತು. ಅಮ್ಮ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, ತಮಗೆ ಬರುತ್ತಿದ್ದ ಒಂದೇ ಒಂದು ಮಲಯ್ ವಾಕ್ಯದಲ್ಲಿ ಊಟವಾಯಿತೇ ಎಂದು ಕೇಳಿದರು: "ಸುದಾ ಮಾಕನ್?"

ಆ ಹುಡುಗಿ ನಗುತ್ತ ಇಲ್ಲವೆಂದಳು. ಅಮ್ಮ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಇನ್ನೂ ಹತ್ತು ರೋಗಿಗಳು ಕಾಯುತ್ತಿದ್ದಾಗ ಡಾಕ್ಟರಮ್ಮ ಉದ್ದಿನ ವಡೆ ತಿಂದಳು.

ಬಾಡಿಗೆ ಕಾರಿನಲ್ಲಿ ಮಾಂಟ್ ಕಿಯಾರಾಕ್ಕೆ ಹೊರಟೆವು. ತಾವು ಮಾತಾಡದಿದ್ದರೆ ಡ್ರೈವರ್ ನಿದ್ದೆ ಹೋಗುತ್ತಾನೆ ಎಂಬುದು ಅಮ್ಮನ ನಂಬಿಕೆ. ತಮಿಳು ಡ್ರೈವರಿಗೆ ಉಡುಪಿಯ ಗುಳ್ಳ ಬದನೆಯ ಬಗ್ಗೆ ಹೇಳತೊಡಗಿದರು. ಹುಳಿ ಎಷ್ಟು ಹಾಕಬೇಕು ಎನ್ನುವಲ್ಲಿಗೆ ಮಾತು ನಿಂತಿತು. ತಿರುಗಿ ನೋಡಿದರೆ ಅವರ ತಲೆ ನನ್ನ ಹೆಗಲ ಮೇಲೆ ಜಾರಿತ್ತು.

ಗೆಳತಿಯ ಫೋನ್ ಬಂತು. ಪಿಸುದನಿಯಲ್ಲಿ ಸುದ್ದಿ ಹೇಳಿದೆ, ಅಮ್ಮ ಮಲಗಿದ್ದಾರೆ ಎಂದೂ ಹೇಳಿದೆ.

"ಮಲಗ್ಲಿ ಬಿಡು. ಈ ವಾರ ನಿದ್ದೆನೇ ಮಾಡ್ಲಿಲ್ಲ ಅವರು. ದಿನಾ ಬೆಳಿಗ್ಗೆ ನೀನು ಏಳುವ ಮೊದಲು ನಂಗೆ ಫೋನ್ ಮಾಡಿ ಅಳ್ತಿದ್ರು. ಊರಿಗೆ ಹೋಗುವ ಟಿಕೆಟ್ ಮೊನ್ನೆಯದ್ದಿತ್ತು, ಕ್ಯಾನ್ಸಲ್ ಮಾಡಿಸಿದ್ರು. ನಿಂಗೆ ಹೇಳ್ಬೇಡ ಅಂದಿದ್ರು."

ಕಾರು ಗೆಳತಿಯ ಕಾಂಡೋ ಕಟ್ಟಡದ ಮುಂದೆ ನಿಂತಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ ಮೆಲ್ಲಗೆ, "ಅಮ್ಮಾವಾ?" ಎಂದು ಕೇಳಿದ.

ಹೌದು ಎಂದೆ. ಎಬ್ಬಿಸುವುದು ಬೇಡ, ಇನ್ನೊಂದು ಸುತ್ತು ಹೋಗೋಣ ಎಂದೆ.