ಎಣ್ಣೆ ಬಾಚುವ ಹಡಗು

ಇದು ನಡೆದದ್ದು ಹೀಗೆಯೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಎಲ್ಲವನ್ನೂ ಅನುಮಾನಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಬೇರೆಯವರ ಮಾತನ್ನೆಲ್ಲ ಶ್ರದ್ಧೆಯಿಂದ ಅನುಮಾನಿಸಿದೆ. ನನ್ನ ನೆನಪನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಹೊಳೆದದ್ದು ಇತ್ತೀಚೆಗೆ, ಪುಣೆಯ ನಿಗಡಿಯ ಮನೆಯಲ್ಲಿ ಒಬ್ಬನೇ ಕೂತು ಭಾನುವಾರಗಳನ್ನು ತಳ್ಳತೊಡಗಿದ ಮೇಲೆ.

ಶಿವಾಜಿನಗರದ ಸಣ್ಣ ಕಚೇರಿಯೊಂದರಲ್ಲಿ ನಾನೂ ಧಾರವಾಡದ ದೇಸಾಯಿಯೂ ಹಡಗುಗಳ ನಕ್ಷೆ ಬರೆಯುತ್ತಿದ್ದೆವು. ಪುಣೆಯಲ್ಲಿ ಸಮುದ್ರವಿಲ್ಲ ಎಂಬುದು ಈ ಕೆಲಸಕ್ಕೆ ಎಂದೂ ಅಡ್ಡಿಯಾಗಲಿಲ್ಲ. ಒಮ್ಮೆ, ಸಮುದ್ರದಲ್ಲಿ ಚೆಲ್ಲಿದ ತೈಲವನ್ನು ಬಾಚಿ ತುಂಬಿಕೊಳ್ಳುವ ಹಡಗಿನ ಕೆಲಸ ಬಂತು. ಅದು ಎರಡೂ ಪಕ್ಕಕ್ಕೆ ತೋಳು ಚಾಚಿ, ತೇಲುವ ಎಣ್ಣೆಯನ್ನು ಒಟ್ಟುಮಾಡಿ ಒಳಗೆ ಎಳೆದುಕೊಳ್ಳಬೇಕು. ಕಂಪ್ಯೂಟರಿನ ಲೆಕ್ಕ ನಂಬದ ನಾವಿಬ್ಬರು ಊಟದ ಬಿಡುವಿನಲ್ಲಿ ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ, ದೇಸಾಯಿಯ ಡಬ್ಬಿಯ ಬದನೆಕಾಯಿ ಎಣಗಾಯಿಯಿಂದ ಎಣ್ಣೆ ಬಸಿದು, ರಟ್ಟಿನ ತೋಳು ಕಟ್ಟಿದ ಆಟಿಕೆ ದೋಣಿಯನ್ನು ದಾರ ಹಾಕಿ ಅದರಲ್ಲಿ ಎಳೆದೆವು. ಎಣ್ಣೆಯೆಲ್ಲ ತೋಳಿನ ಅಡಿಯಿಂದ ನುಸುಳಿ ಹಿಂದೆಯೇ ಉಳಿಯಿತು. ಆಗ ನಮ್ಮಿಬ್ಬರಲ್ಲಿ ಒಬ್ಬ ಹೇಳಿದ: “ಸಾವಕಾಶ ಎಳಿಯಲೇ. ಎಣ್ಣಿಗೇನ್ ಬಸ್ ತಪ್ಪತದೇನು?” ಸಾವಕಾಶ ಎಳೆದಾಗ ಎಣ್ಣೆ ವಿಧೇಯವಾಗಿ ಬಂದು ಮೂಲೆಯಲ್ಲಿ ನಿಂತಿತು. ಅಂದಿನಿಂದ ನಕ್ಷೆ ಬದಲಾಯಿತು. ಬಾಚುವಾಗ ತೆವಳುವಷ್ಟು ನಿಧಾನ ಸಾಗಿದರೂ ದಿಕ್ಕು ತಪ್ಪದ ಹಡಗು ಅದಾಯಿತು.

ಹಾಗೆ ಹೇಳಿದವನು ನಾನು ಎಂದು ನನ್ನ ನೆನಪು. ನನ್ನ ಬೀಳ್ಕೊಡುಗೆಯ ದಿನ ಈ ಕಥೆಯನ್ನು ಹಾಗೆಯೇ ಹೇಳಿದೆ, ಚಪ್ಪಾಳೆಯೂ ಬಿತ್ತು. ದೇಸಾಯಿ ಚಹಾದ ಕಪ್ಪು ಹಿಡಿದು ಹತ್ತಿರ ಬಂದು, “ದೋಸ್ತ, ಆ ಮಾತು ನಂದಲ್ಲೇನೋ?” ಎಂದು ಮೆಲ್ಲಗೆ ಕೇಳಿದ. ನಾನು ಎಲ್ಲರಿಗೂ ಕೇಳುವಂತೆ ಪುರಾವೆ ಏನೆಂದು ಕೇಳಿದೆ.

“ಪುರಾವಾ ಎಲ್ಲಿಂದ ತರ್ಲಿ? ದೋಣಿ ಎಳದಾಂವ ಯಾರು, ನೆನಪ ಮಾಡ್ಕೊ,” ಅಂದ. ನಗುತ್ತಲೇ ಅಂದ. ನನಗೆ ಆ ನಗುವೇ ಚುಚ್ಚಿತು.

ಅಲ್ಲಿಗೆ ನಮ್ಮ ಮಾತು ನಿಂತಿತು. ಒಂದು ಮಾತಿಗಾಗಿ ಅಷ್ಟು ವರ್ಷದ ಗೆಳೆಯ ನನ್ನನ್ನು ಬಿಟ್ಟುಬಿಟ್ಟ ಎಂದು ಕಂಡವರಿಗೆಲ್ಲ ಹೇಳಿದೆ. ಕನ್ನಡದಲ್ಲಿ ಕೇಳುವವರು ಸಿಗದಿದ್ದಾಗ ಮರಾಠಿಯಲ್ಲೂ ಹೇಳಿದೆ. ಈಗ ಇಡೀ ದಿನ ಮಾತಾಡಲು ಒಬ್ಬರೂ ಇಲ್ಲದೆ ಕೂತಾಗ, ಬೆರಳಿಗೆ ಸುತ್ತಿಕೊಂಡಿದ್ದ ದಾರದ ಜಿಡ್ಡು ನೆನಪಾಗುತ್ತದೆ. ದಾರ ಹಿಡಿದವನು ನಾನಾದರೆ, ಸಾವಕಾಶ ಎಳೆಯೆಂದು ನನಗೆ ನಾನೇ ಹೇಳಿಕೊಂಡಿರಲಾರೆ. ಆದರೆ ಜಿಡ್ಡಿನ ನೆನಪನ್ನು ಮಾತ್ರ ಯಾಕೆ ನಂಬಬೇಕು? ಹೀಗೆ ನನ್ನೊಡನೆ ನಾನೇ ವಾದ ಮಾಡಿ, ಎರಡೂ ಕಡೆ ಸೋತು, ಒಬ್ಬನಿಗಷ್ಟೇ ಚಹಾ ಮಾಡಿಕೊಳ್ಳುತ್ತೇನೆ.

ಆ ಮಾತು ಯಾರದೆಂದು ಇಂದಿಗೂ ಸಾಬೀತು ಮಾಡಲಾರೆ. ಆದರೆ ಮೊನ್ನೆ ಫೋನಿನಲ್ಲಿ ಹಳೆಯ ಸಂದೇಶಗಳನ್ನು ತೆಗೆದು, ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ಒಂದು ಸಂಗತಿಯನ್ನು ಖಚಿತಪಡಿಸಿಕೊಂಡೆ. ಬೀಳ್ಕೊಡುಗೆಯಾದ ಮರುವಾರ ದೇಸಾಯಿ ಬರೆದಿದ್ದಾನೆ: “ರವಿವಾರ ಮನ್ಯಾಗ ಗಿರಮಿಟ್ ಮಾಡ್ತಾರ. ತಿನ್ನಾಕ ಬಾ.” ಅದರ ಕೆಳಗೆ ನನ್ನ ಉತ್ತರವಿಲ್ಲ.